‘ಅಂಗವಿರೂಪ’ ಎಂಬ ಪದದ ಅರ್ಥ ಮತ್ತು ಬಳಕೆ

ಪ್ರಮಾಣಪತ್ರ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ‘ಅಂಗವಿರೂಪ’ ಮತ್ತು ‘ಅಂಗವೈಕಲ್ಯ’ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಇವೆರಡರ ವ್ಯತ್ಯಾಸವನ್ನು ಅರ್ಜಿದಾರರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಪದಗಳ ಅರ್ಥ

‘ವಿರೂಪ’ ಎಂದರೆ ಸಹಜ ರೂಪಕ್ಕಿಂತ ಭಿನ್ನವಾದುದು. ದೇಹದ ಯಾವುದೇ ಭಾಗದ ಆಕಾರ ಅಥವಾ ರಚನೆಯು ಹುಟ್ಟಿನಿಂದಲೋ, ಕಾಯಿಲೆ ಅಥವಾ ಅಪಘಾತದಿಂದಲೋ ವ್ಯತ್ಯಾಸಗೊಂಡಿದ್ದಲ್ಲಿ ಅದು ಅಂಗವಿರೂಪ. ‘ವಿಕಲ’ ಎಂದರೆ ಕೊರತೆಯುಳ್ಳದ್ದು. ಅಂಗದ ಕಾರ್ಯಶಕ್ತಿ ಕುಂದಿರುವುದನ್ನು ‘ಅಂಗವೈಕಲ್ಯ’ ಎನ್ನಲಾಗುತ್ತದೆ. ಅಂದರೆ ಮೊದಲನೆಯದು ರೂಪಕ್ಕೆ, ಎರಡನೆಯದು ಕಾರ್ಯಕ್ಕೆ ಸಂಬಂಧಿಸಿದ್ದು.

ಹುಟ್ಟಿನಿಂದ ತಿರುಚಿದ್ದ ಪಾದವು ಚಿಕಿತ್ಸೆಯಿಂದ ಸರಿಹೋಗಿ, ಆಕಾರದಲ್ಲಿ ಅಲ್ಪ ವ್ಯತ್ಯಾಸವಷ್ಟೇ ಉಳಿದಿದ್ದರೆ, ವೈಕಲ್ಯದ ಪ್ರಮಾಣವು ಅತಿ ಕಡಿಮೆ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಶ್ರವಣದೋಷ, ಹಿಮೋಫಿಲಿಯಾ, ಥಲಸ್ಸೇಮಿಯಾ ಮುಂತಾದವುಗಳಲ್ಲಿ ಹೊರನೋಟಕ್ಕೆ ಯಾವುದೇ ವಿರೂಪ ಕಾಣದಿದ್ದರೂ ಅವು ಕಾಯ್ದೆಯ ಪಟ್ಟಿಯಲ್ಲಿವೆ.

ಕಾಯ್ದೆಯಲ್ಲಿ ಬಳಕೆ

1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. ಅದರ ಬದಲಿಗೆ ಬಂದ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಈ ಕಾಯ್ದೆಯಲ್ಲಿ ವಿರೂಪದ ಉಲ್ಲೇಖವು ಮುಖ್ಯವಾಗಿ ಎರಡು ಕಡೆ ಬರುತ್ತದೆ: ಕುಷ್ಠರೋಗದಿಂದ ಗುಣಮುಖರಾಗಿ ಕೈಕಾಲುಗಳಲ್ಲಿ ವಿರೂಪ ಉಳಿದವರು ಹಾಗೂ ಆಸಿಡ್ ದಾಳಿಯಿಂದ ವಿರೂಪಕ್ಕೆ ಒಳಗಾದವರು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕಣ್ಣಿಗೆ ಕಾಣುವ ವಿರೂಪ ಇಲ್ಲವೆಂಬ ಕಾರಣಕ್ಕೆ ಅರ್ಜಿ ಸಲ್ಲಿಸದೆ ಇರಬಾರದು.

2. ವಿರೂಪ ಇದ್ದ ಮಾತ್ರಕ್ಕೆ ಸೌಲಭ್ಯಕ್ಕೆ ಅರ್ಹರಾಗುವುದಿಲ್ಲ. ವೈಕಲ್ಯದ ಶೇಕಡಾವಾರು ಪ್ರಮಾಣವನ್ನು ನಿಗದಿತ ವೈದ್ಯಕೀಯ ಪ್ರಾಧಿಕಾರವೇ ನಿರ್ಧರಿಸುತ್ತದೆ. ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಈ ಪ್ರಮಾಣವು ಶೇ. 40ಕ್ಕಿಂತ ಕಡಿಮೆ ಇರಬಾರದು.

3. ಪ್ರಾಧಿಕಾರದ ತೀರ್ಮಾನಕ್ಕೆ ಒಪ್ಪಿಗೆ ಇಲ್ಲದಿದ್ದಲ್ಲಿ, ಕಾಯ್ದೆಯ ಕಲಂ 59ರನ್ವಯ ಮೇಲ್ಮನವಿ ಸಲ್ಲಿಸಬಹುದಾಗಿದೆ.

4. ಅರ್ಜಿಯಲ್ಲಿ ‘ಕುಂಟ’, ‘ಕುರುಡ’, ‘ಮೂಗ’ ಎಂಬಂತಹ ಪದಗಳನ್ನು ಬಳಸದೆ, ಆಗಿರುವ ತೊಂದರೆಯನ್ನು ನೇರವಾಗಿ ನಮೂದಿಸುವುದು. ಉದಾಹರಣೆಗೆ: “ಬಲಗೈ ಬೆರಳುಗಳು ಬಾಗಿದ್ದು, ವಸ್ತುಗಳನ್ನು ಹಿಡಿಯಲು ಆಗುವುದಿಲ್ಲ.” ಇದರಿಂದ ರೂಪ ಮತ್ತು ಕಾರ್ಯ ಎರಡೂ ಸ್ಪಷ್ಟವಾಗುತ್ತವೆ.

ಗೌರವಯುತ ಸಂಬೋಧನೆ

‘ವಿರೂಪ’ವು ದೇಹಸ್ಥಿತಿಯನ್ನು ಸೂಚಿಸುವ ಪದವೇ ಹೊರತು ವ್ಯಕ್ತಿಯ ಹೆಸರಲ್ಲ. ಆದ್ದರಿಂದ ಯಾರನ್ನೂ ‘ವಿರೂಪಿ’ ಎಂದು ಕರೆಯಬಾರದು. ರಾಜ್ಯದ ಆಡಳಿತದಲ್ಲಿ ‘ವಿಕಲಚೇತನರು’ ಎಂಬ ಪದ ಬಳಕೆಯಲ್ಲಿದೆ. ಸಾರ್ವಜನಿಕರ ಎದುರು ವಿಕಲಚೇತನರನ್ನು ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ಕಲಂ 92ರ ಮೇರೆಗೆ ಅಪರಾಧವಾಗಿದ್ದು, 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡನೆಗೆ ಗುರಿಯಾಗಬೇಕಾಗುತ್ತದೆ.