ಅಂಗನವಾಡಿ ಶಾಲಾಪೂರ್ವ ಶಿಕ್ಷಣ: ತರಬೇತಿ ಹೊಂದಿದ ಶಿಕ್ಷಕಿಯೊಬ್ಬರಿಗೆ ಮಕ್ಕಳ ಸಂಖ್ಯೆ (ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ)

ಪೀಠಿಕೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಅಭಿವೃದ್ಧಿ ಘಟಕಗಳಲ್ಲಿ ಆರಂಭಗೊಂಡಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ.ನರಸೀಪುರವು ಪ್ರಥಮ ಯೋಜನಾ ಕೇಂದ್ರವಾಗಿತ್ತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ, ಪೌಷ್ಟಿಕತೆ ಹಾಗೂ ಆರೋಗ್ಯ ಶಿಕ್ಷಣ ಮತ್ತು ಶಾಲಾಪೂರ್ವ ಶಿಕ್ಷಣ ಇವು ಯೋಜನೆಯ ಆರು ಸೇವೆಗಳು. ಇವುಗಳಲ್ಲಿ ಶಾಲಾಪೂರ್ವ ಶಿಕ್ಷಣವು 3ರಿಂದ 6 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಅದರ ಗುಣಮಟ್ಟವು ತರಬೇತಿ ಹೊಂದಿದ ಒಬ್ಬ ಶಿಕ್ಷಕಿಯು ಎಷ್ಟು ಮಕ್ಕಳನ್ನು ನೋಡಿಕೊಳ್ಳಬೇಕಾಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಅನುಪಾತ ಎಂದರೇನು?

ಶಾಲಾಪೂರ್ವ ಶಿಕ್ಷಣಕ್ಕೆ ದಾಖಲಾದ ಒಟ್ಟು ಮಕ್ಕಳ ಸಂಖ್ಯೆಯನ್ನು, ನಿಗದಿತ ಕನಿಷ್ಠ ತರಬೇತಿ ಪಡೆದ ಶಿಕ್ಷಕಿಯರ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಅಂಕಿಯೇ ಈ ಅನುಪಾತವಾಗಿರುತ್ತದೆ. ಯುನೆಸ್ಕೋ ಸಂಸ್ಥೆಯು ಇದೇ ವಿಧಾನವನ್ನು ಅನುಸರಿಸುತ್ತದೆ. ತರಬೇತಿ ಪಡೆಯದ ಸಿಬ್ಬಂದಿಯನ್ನು ಇದರಲ್ಲಿ ಪರಿಗಣಿಸಲಾಗುವುದಿಲ್ಲ. ಉದಾಹರಣೆಗೆ, 24 ಮಕ್ಕಳಿರುವ ಕೇಂದ್ರದಲ್ಲಿ ಒಬ್ಬ ಕಾರ್ಯಕರ್ತೆ ಹಾಗೂ ಒಬ್ಬ ಸಹಾಯಕಿ ಇದ್ದಲ್ಲಿ ಅನುಪಾತವು 24:1 ಆಗುತ್ತದೆಯೇ ಹೊರತು 12:1 ಆಗುವುದಿಲ್ಲ. ಸಹಾಯಕಿಯವರ ಸೇವೆಯು ಅತ್ಯವಶ್ಯಕವಾದರೂ ಅವರು ಬೋಧನೆಗೆ ನೇಮಕಗೊಂಡವರಲ್ಲ.

ನಿಗದಿತ ಮಾನದಂಡಗಳು

1. ರಾಷ್ಟ್ರೀಯ ಶೈಶವ ಆರೈಕೆ ಮತ್ತು ಶಿಕ್ಷಣ ನೀತಿ, 2013ರನ್ವಯ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ಹಾಗೂ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಇರತಕ್ಕದ್ದು.
2. ಶಿಕ್ಷಣ ಹಕ್ಕು ಕಾಯ್ದೆ, 2009ರ 11ನೇ ಪ್ರಕರಣದಲ್ಲಿ, 3 ವರ್ಷ ಮೇಲ್ಪಟ್ಟ ಮಕ್ಕಳಿಗೆ ಸರ್ಕಾರವು ಶಾಲಾಪೂರ್ವ ಶಿಕ್ಷಣದ ಏರ್ಪಾಡು ಮಾಡಬಹುದೆಂದು ತಿಳಿಸಲಾಗಿದೆ. ಕಾಯ್ದೆಯ ಅನುಸೂಚಿಯಲ್ಲಿರುವ ಶಿಕ್ಷಕರ ಸಂಖ್ಯೆಯು ಒಂದನೇ ತರಗತಿಯಿಂದ ಮಾತ್ರ ಅನ್ವಯಿಸುತ್ತದೆ.
3. ರಾಷ್ಟ್ರೀಯ ಶಿಕ್ಷಣ ನೀತಿ, 2020ರಲ್ಲಿ, ಪಿ.ಯು.ಸಿ. ಅಥವಾ ಹೆಚ್ಚಿನ ವಿದ್ಯಾರ್ಹತೆಯ ಕಾರ್ಯಕರ್ತೆಯರಿಗೆ 6 ತಿಂಗಳ ಪ್ರಮಾಣಪತ್ರ ತರಬೇತಿ, ಉಳಿದವರಿಗೆ ಒಂದು ವರ್ಷದ ಡಿಪ್ಲೊಮಾ ತರಬೇತಿ ನೀಡಬೇಕೆಂದು ಸೂಚಿಸಲಾಗಿದೆ. 2023ರ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯೀ ಭೀ’ ತರಬೇತಿ ಕಾರ್ಯಕ್ರಮಕ್ಕೆ ಚಾಲನೆ ನೀಡಲಾಯಿತು.

ಇತರ ರಾಷ್ಟ್ರಗಳಲ್ಲಿ

ಯುನಿಸೆಫ್ 2019ರಲ್ಲಿ ಪ್ರಕಟಿಸಿದ ವರದಿಯಂತೆ ವಿಶ್ವದಲ್ಲಿ 17.5 ಕೋಟಿಗೂ ಅಧಿಕ ಮಕ್ಕಳು ಶಾಲಾಪೂರ್ವ ಶಿಕ್ಷಣದಿಂದ ಹೊರಗಿದ್ದರು. ಕಡಿಮೆ ಆದಾಯದ ರಾಷ್ಟ್ರಗಳಲ್ಲಿ ಸುಮಾರು ಐವರಲ್ಲಿ ಒಂದು ಮಗು ಮಾತ್ರ ದಾಖಲಾಗಿತ್ತು. ಇಂತಹ ರಾಷ್ಟ್ರಗಳಲ್ಲಿ ದಾಖಲಾತಿ ಹೆಚ್ಚಿದಷ್ಟು ವೇಗವಾಗಿ ಶಿಕ್ಷಕಿಯರ ತರಬೇತಿಯು ಹೆಚ್ಚದಿದ್ದಲ್ಲಿ, ತರಬೇತಿ ಹೊಂದಿದ ಪ್ರತಿ ಶಿಕ್ಷಕಿಯ ಪಾಲಿಗೆ ಬರುವ ಮಕ್ಕಳ ಸಂಖ್ಯೆ ಏರುತ್ತದೆ.

ಮೂರು ತಾಲ್ಲೂಕುಗಳ ಸ್ಥಿತಿಗತಿ

ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲ್ಲೂಕನ್ನು ರಚಿಸಲಾಗಿದೆ. ಈ ಭಾಗದಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ಅಡಿಕೆ ಹಾಗೂ ರಬ್ಬರ್ ತೋಟಗಳ ನಡುವೆ ಚದುರಿಕೊಂಡಿವೆ. ಆದುದರಿಂದ ಪೇಟೆಯ ಕೇಂದ್ರದಲ್ಲಿ ಮಕ್ಕಳು ಹೆಚ್ಚಾಗಿಯೂ, ಒಳಪ್ರದೇಶದ ಕೇಂದ್ರದಲ್ಲಿ ಕಡಿಮೆಯಾಗಿಯೂ ಇರುವುದು ಸಹಜ. ಒಂದು ಕೇಂದ್ರದಲ್ಲಿ 32, ಮತ್ತೊಂದರಲ್ಲಿ 8 ಮಕ್ಕಳಿದ್ದಲ್ಲಿ ಸರಾಸರಿಯು 20:1 ಆಗಿ ಮಾನದಂಡಕ್ಕೆ ಸರಿಹೊಂದಿದಂತೆ ಕಾಣುತ್ತದೆ. ಆದರೆ ಮೊದಲನೆಯ ಕೇಂದ್ರದ 32 ಮಕ್ಕಳಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ತಾಲ್ಲೂಕಿನ ಸರಾಸರಿಗಿಂತ ಆಯಾ ಕೇಂದ್ರದ ಅಂಕಿಯನ್ನು ಗಮನಿಸುವುದು ಸೂಕ್ತ.

ಕಡಿಮೆ ಮಕ್ಕಳಿರುವ ಕೇಂದ್ರದಲ್ಲಿಯೂ ಕೆಲಸ ಸುಲಭವಾಗಿರುವುದಿಲ್ಲ. ಮೂರು ವಯೋಮಾನದ ಮಕ್ಕಳು ಒಂದೇ ಕೊಠಡಿಯಲ್ಲಿರುತ್ತಾರೆ. ಮನೆಗಳಲ್ಲಿ ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ ಮುಂತಾದ ಭಾಷೆಗಳು ಬಳಕೆಯಲ್ಲಿವೆ. 1964ರ ಭಾರತ-ಶ್ರೀಲಂಕಾ ಒಪ್ಪಂದದನ್ವಯ ಮರಳಿ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ತಮಿಳು ಮಾತನಾಡುತ್ತಾರೆ. ಇವರೆಲ್ಲರನ್ನೂ ಕನ್ನಡಕ್ಕೆ ಪರಿಚಯಿಸುವವರು ಅಂಗನವಾಡಿ ಕಾರ್ಯಕರ್ತೆಯವರೇ. ಇದಲ್ಲದೆ ಮನೆ ಭೇಟಿ, ಮಕ್ಕಳ ತೂಕ ದಾಖಲಾತಿ, ಆಹಾರ ವಿತರಣೆ, ಸಮೀಕ್ಷೆ ಹಾಗೂ ಸಭೆಗಳ ಜವಾಬ್ದಾರಿಯೂ ಅವರದಾಗಿರುತ್ತದೆ. ಅವರು ಸಭೆಗೆ ತೆರಳಿದ ದಿನ ಕೇಂದ್ರವು ತೆರೆದಿದ್ದು ಆಹಾರ ವಿತರಣೆಯಾದರೂ, ಬೋಧನೆಯ ಮಟ್ಟಿಗೆ ತರಬೇತಿ ಹೊಂದಿದ ಶಿಕ್ಷಕಿ ಇಲ್ಲದಂತಾಗುತ್ತದೆ. ಕಾರ್ಯಕರ್ತೆಯ ಹುದ್ದೆಯು ಖಾಲಿಯಿದ್ದು ನೆರೆಯ ಕೇಂದ್ರದವರು ಪ್ರಭಾರದಲ್ಲಿದ್ದಲ್ಲಿ ಎರಡೂ ಕೇಂದ್ರಗಳ ಮಕ್ಕಳು ಒಬ್ಬರ ಪಾಲಿಗೆ ಬರುತ್ತಾರೆ.

ಸಾರ್ವಜನಿಕರು ಪಡೆಯಬಹುದಾದ ಸೇವೆಗಳು

1. ಮಗುವಿನ ದಾಖಲಾತಿ: ಸಮೀಪದ ಅಂಗನವಾಡಿ ಕೇಂದ್ರದಲ್ಲಿ ದಾಖಲಿಸಬಹುದು. ಯಾವುದೇ ಶುಲ್ಕ ಇರುವುದಿಲ್ಲ. ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ಹಾಗೂ ತಾಯಿಯ ಆಧಾರ್ ವಿವರವನ್ನು ಜೊತೆಯಲ್ಲಿ ತರುವುದು ಅನುಕೂಲಕರ.

2. ಹೊಸ ಕೇಂದ್ರಕ್ಕೆ ಬೇಡಿಕೆ: ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ, 150ರಿಂದ 400 ಜನಸಂಖ್ಯೆಗೆ ಒಂದು ಮಿನಿ ಕೇಂದ್ರ ಎಂಬುದು ಯೋಜನೆಯ ಮಾನದಂಡ. ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 300ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರವಿರುತ್ತದೆ. ಬೇಡಿಕೆ ಅರ್ಜಿಯೊಂದಿಗೆ 6 ವರ್ಷದೊಳಗಿನ ಮಕ್ಕಳ ಪಟ್ಟಿ, ಈಗಿನ ಕೇಂದ್ರಕ್ಕಿರುವ ದೂರ, ಮಳೆಗಾಲದಲ್ಲಿ ದಾಟಬೇಕಾದ ತೋಡು ಅಥವಾ ಹೊಳೆಯ ವಿವರವನ್ನು ಗ್ರಾಮ ಪಂಚಾಯತಿಯ ಮೂಲಕ ಸಲ್ಲಿಸುವುದು ಒಳಿತು. ಮಂಜೂರಾತಿಯು ಸರ್ಕಾರದ ಅನುಮೋದನೆಗೆ ಒಳಪಟ್ಟಿರುತ್ತದೆ.

3. ಖಾಲಿ ಹುದ್ದೆ ಅಥವಾ ಬೋಧನೆಗೆ ಅಡಚಣೆ: ಮೊದಲು ಕೇಂದ್ರದ ಬಾಲವಿಕಾಸ ಸಮಿತಿಯ ಗಮನಕ್ಕೆ, ನಂತರ ವೃತ್ತ ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸಬಹುದು. ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.

4. ಅಂಕಿ-ಅಂಶ: ದಾಖಲಾತಿ, ಹಾಜರಾತಿ, ಮಂಜೂರಾದ ಹುದ್ದೆ ಹಾಗೂ ಕಾರ್ಯಕರ್ತೆಯರು ಪಡೆದ ತರಬೇತಿಯ ವಿವರವನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಉತ್ತರಕ್ಕೆ 30 ದಿನಗಳ ಕಾಲಮಿತಿ ಇರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ.

ಸೂಚನೆ: ಪಟ್ಟಿಯಲ್ಲಿ ಹೆಸರಿದ್ದು ಮಗು ಕೇಂದ್ರಕ್ಕೆ ಬಾರದಿದ್ದಲ್ಲಿ ನಿಜವಾದ ಅಗತ್ಯವು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗೆಯೇ, ಕೇಂದ್ರಕ್ಕೆ ಬರುವ ಮಗುವಿನ ಹೆಸರು ಪಟ್ಟಿಯಲ್ಲಿಲ್ಲದಿದ್ದಲ್ಲಿ ಆಹಾರ ಹಾಗೂ ಹುದ್ದೆಯ ಬೇಡಿಕೆಯೂ ಕಡಿಮೆಯಾಗಿ ತೋರುತ್ತದೆ. ಆದ್ದರಿಂದ ಪೋಷಕರು ಮಗುವಿನ ಹೆಸರನ್ನು ಸಕಾಲದಲ್ಲಿ ದಾಖಲಿಸಿ, ಪ್ರತಿದಿನ ಕೇಂದ್ರಕ್ಕೆ ಕಳುಹಿಸಿ ಸಹಕರಿಸಲು ಕೋರಲಾಗಿದೆ. ಹಿಂದೆ ಪುತ್ತೂರು ಅಥವಾ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಗ್ರಾಮದವರು, ಅರ್ಜಿಯನ್ನು ಯಾವ ಕಛೇರಿಗೆ ಸಲ್ಲಿಸಬೇಕೆಂಬುದನ್ನು ತಮ್ಮ ಅಂಗನವಾಡಿ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿ ತಿಳಿಯತಕ್ಕದ್ದು.