ಒಂದು ಗಂಟೆಯ ಬೆಂಗಳೂರು

ಹೈದರಾಬಾದಿನ ಮಿಯಾಪುರದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದವರಿಗೆ ನಾನು ಆರು ಗಂಟೆ ಎನ್ನುತ್ತೇನೆ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ, ಅದೂ ಸುಳ್ಳಲ್ಲ. ಮಲ್ಲೇಶ್ವರದ ನಮ್ಮಕ್ಕ ನಂಬುವುದು ಟಿಕೆಟ್ಟನ್ನೇ. “ಗಂಟೆ ದಾರಿ ತಾನೇ, ತಿಂಡಿ ತಿಂದು ಹೊರಟರೆ ಊಟಕ್ಕೆ ಬರಬಹುದಲ್ಲೇ!” 2008ಕ್ಕೆ ಮೊದಲು ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಎರಡೂ ಊರುಗಳ ವಿಮಾನದ ನಂಟು ಸಂಸ್ಥಾನಗಳ ಕಾಲದ್ದು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದಾಗ ಮೈಸೂರು ಸರ್ಕಾರದಿಂದ ಒತ್ತಾಸೆ ಕೊಟ್ಟವರು ದಿವಾನ್ ಮಿರ್ಜಾ ಇಸ್ಮಾಯಿಲ್. ಅಲ್ಲಿನ ರನ್‌ವೇಯೇ ಮುಂದೆ ಊರಿನ ಎಚ್‌ಎಎಲ್ ವಿಮಾನ ನಿಲ್ದಾಣವಾಯಿತು. ಅದೇ ಇಸ್ಮಾಯಿಲ್ 1946ರಲ್ಲಿ ನಿಜಾಮರ ಪ್ರಧಾನಿಯಾಗಿ ಹೈದರಾಬಾದಿಗೆ ಬಂದರು. ಅಷ್ಟರಲ್ಲಿ ನಿಜಾಮ್ ಸರ್ಕಾರ ಟಾಟಾದವರ ಜೊತೆ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿತ್ತು. ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣ ಅದರ ನೆಲೆ. ದೇಶದ ಮೊದಲ ಮಹಿಳಾ ಕಮರ್ಷಿಯಲ್ ಪೈಲಟ್ ಪ್ರೇಮ್ ಮಾಥುರ್ ಕೆಲಸಕ್ಕೆ ಸೇರಿದ್ದು ಇದೇ ಕಂಪನಿಗೆ. 1953ರಲ್ಲಿ ಅದು ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿತು.

ಬೇಗಂಪೇಟೆಯಿಂದ ಎಚ್‌ಎಎಲ್‌ಗೆ ನೇರ ಗೆರೆ ಎಳೆದರೆ ಸುಮಾರು 505 ಕಿ.ಮೀ. ಆ ಕಾಲದ ಡಕೋಟಾ ವಿಮಾನಕ್ಕೆ ಇದು ಎರಡು ಗಂಟೆಯ ಹತ್ತಿರದ ದಾರಿ. ಜೆಟ್ ಬಂದು ಅದನ್ನು ಒಂದು ಗಂಟೆಗೆ ಇಳಿಸಿತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬಂದಾಗ ಇಳಿದದ್ದು ಟಿಕೆಟ್ ದರ, ಹೊತ್ತಲ್ಲ.

2008ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡೂ ಊರುಗಳು ತಮ್ಮ ವಿಮಾನ ನಿಲ್ದಾಣಗಳನ್ನು ಹೊರಕ್ಕೆ ಕಳಿಸಿದವು. ಮಾರ್ಚ್ 23ಕ್ಕೆ ಬೇಗಂಪೇಟೆ ಹೋಗಿ ಶಂಷಾಬಾದ್ ಬಂತು, ಮೇ 24ಕ್ಕೆ ಎಚ್‌ಎಎಲ್ ಹೋಗಿ ದೇವನಹಳ್ಳಿ. ಶಂಷಾಬಾದ್ ಇರುವುದು ಹೈದರಾಬಾದಿನ ದಕ್ಷಿಣಕ್ಕೆ, ಬೆಂಗಳೂರಿನ ಹೆದ್ದಾರಿಯಲ್ಲಿ. ದೇವನಹಳ್ಳಿ ಇರುವುದು ಬೆಂಗಳೂರಿನ ಉತ್ತರಕ್ಕೆ, ಹೈದರಾಬಾದಿನ ಹೆದ್ದಾರಿಯಲ್ಲಿ. ಎರಡೂ ಒಂದೇ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 44. ಹೀಗಾಗಿ ನಿಲ್ದಾಣಗಳು ಒಂದಕ್ಕೊಂದು ಹತ್ತಿರವಾದವು. ನಡುವಿನ ಅಂತರ ಈಗ 455 ಕಿ.ಮೀ. ಮಾತ್ರ. ವಿಮಾನಕ್ಕೆ ಉಳಿದದ್ದು ನಾಲ್ಕೈದು ನಿಮಿಷ. ನಮಗೆ ಬೇಗಂಪೇಟೆ ಹದಿನಾರು ಕಿ.ಮೀ. ಇದ್ದರೆ ಶಂಷಾಬಾದ್ ಸುಮಾರು ನಲವತ್ತು. ಆ ವರ್ಷದ ಕೊನೆಗೆ ಗಚ್ಚಿಬೌಲಿಯಿಂದ ಔಟರ್ ರಿಂಗ್ ರೋಡ್ ತೆರೆದದ್ದರಿಂದ ನಮ್ಮ ಕಡೆಯವರು ಬಚಾವಾದೆವು. ಇಲ್ಲಿ ಪುಷ್ಪಕ್ ಬಸ್ಸು, ಅಲ್ಲಿ ವಾಯುವಜ್ರ, ನಡುವೆ ಚೆಕ್-ಇನ್, ಸೆಕ್ಯೂರಿಟಿ, ಲಗೇಜಿಗೆ ಕಾಯುವುದು: ಕೂಡಿಸಿದರೆ ಆರು ಗಂಟೆ.

ಆದ್ದರಿಂದಲೇ ರಾತ್ರಿ ಒಂಬತ್ತಾದರೆ ಮಿಯಾಪುರದ ಮೆಟ್ರೋ ಕಂಬಗಳ ಕೆಳಗೆ ಇನ್ನೂ ಜಾತ್ರೆ. ಟ್ರಾವೆಲ್ಸ್ ಹುಡುಗರು ಮೊಬೈಲಿನಲ್ಲಿ ಸೀಟ್ ನಂಬರ್ ನೋಡಿಕೊಂಡು “ಬೆಂಗಳೂರಾ ಅಮ್ಮಾ?” ಎಂದು ತೆಲುಗು ರಾಗದಲ್ಲಿ ಕೇಳಿ ಸೂಟ್‌ಕೇಸನ್ನು ಡಿಕ್ಕಿಗೆ ತಳ್ಳುತ್ತಾರೆ. ಆ ಸ್ಲೀಪರ್ ಬಸ್ಸು ಶಂಷಾಬಾದನ್ನೂ ದೇವನಹಳ್ಳಿಯನ್ನೂ ದಾಟಿಕೊಂಡೇ ಬೆಳಗಿನ ಕಾಫಿ ಹೊತ್ತಿಗೆ ಬೆಂಗಳೂರು ಸೇರುತ್ತದೆ. 2023ರ ಸೆಪ್ಟೆಂಬರಿನಿಂದ ಕಾಚಿಗುಡ–ಯಶವಂತಪುರ ವಂದೇ ಭಾರತ್ ರೈಲೂ ಇದೆ, ಎಂಟು ಗಂಟೆ ಚಿಲ್ಲರೆ.

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕೆ ಈಗ ಕನಕಪುರ ರಸ್ತೆ, ನೆಲಮಂಗಲದ ಕಡೆಯ ಜಾಗಗಳ ಹೆಸರು ಕೇಳಿಬರುತ್ತಿದೆ. ಕನಕಪುರ ರಸ್ತೆಯೇ ಆದರೆ ವಿಮಾನದ ದಾರಿ ಮತ್ತೆ 500 ಕಿ.ಮೀ. ಮುಟ್ಟುತ್ತದೆ. ಆದರೂ ಜಯನಗರದಲ್ಲಿ ಮನೆಯಿರುವವರಿಗೆ ಹೈದರಾಬಾದು ಹತ್ತಿರವಾಗುತ್ತದೆ.