ವರ್ತನೆಯ ತೊಂದರೆಯುಳ್ಳ ಮಕ್ಕಳು ಮತ್ತು ನಾಟಕ ಕಮ್ಮಟ

ತರಗತಿಯಲ್ಲಿ ಮಾತುಮಾತಿಗೆ ಸಿಟ್ಟಿಗೇಳುವ, ಹೊಡೆದಾಡುವ, ಇಲ್ಲವೇ ಯಾರೊಡನೆಯೂ ಬೆರೆಯದೆ ಮುದುಡಿಕೊಳ್ಳುವ ಮಕ್ಕಳನ್ನು ನಾಟಕದ ಮೂಲಕ ತಲುಪುವ ಪದ್ಧತಿಗೆ ಎರಡು ಮೂಲಗಳಿವೆ: ಶಾಲೆ ಮತ್ತು ಮನೋಚಿಕಿತ್ಸೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಹಳ್ಳಿಶಾಲೆಯೊಂದರಲ್ಲಿ ಹ್ಯಾರಿಯೆಟ್ ಫಿನ್ಲೇ-ಜಾನ್ಸನ್ ಪಾಠಗಳನ್ನು ಮಕ್ಕಳಿಂದಲೇ ಆಡಿಸಿ ಕಲಿಸುತ್ತಿದ್ದರು. 1920ರ ದಶಕದಲ್ಲಿ ವಿಯೆನ್ನಾದ ವೈದ್ಯ ಜೇಕಬ್ ಮೊರೆನೊ, ಬರೆದಿಟ್ಟ ಮಾತುಗಳಿಲ್ಲದ ರಂಗಪ್ರಯೋಗಗಳನ್ನು ನಡೆಸಿದರು. ಅಭಿನಯವನ್ನೇ ಮನೋಚಿಕಿತ್ಸೆಯಾಗಿ ಬಳಸುವ ಸೈಕೋಡ್ರಾಮಾ ಹುಟ್ಟಿದ್ದು ಅವುಗಳಿಂದ. ಜಗಳವಾಡಿದವನು ಎದುರಾಳಿಯ ಪಾತ್ರವನ್ನು ತಾನೇ ವಹಿಸಿ ನೋಡುವುದು ಮೊರೆನೊ ಕೊಟ್ಟ ಮುಖ್ಯ ತಂತ್ರ.

1954ರಲ್ಲಿ ಇಂಗ್ಲೆಂಡಿನ ಮಕ್ಕಳ ನಾಟಕ ತಜ್ಞ ಪೀಟರ್ ಸ್ಲೇಡ್ ತಮ್ಮ ‘ಚೈಲ್ಡ್ ಡ್ರಾಮಾ’ ಪುಸ್ತಕದಲ್ಲಿ ಮಕ್ಕಳ ಆಟವೇ ಒಂದು ಕಲೆ, ಅದಕ್ಕೆ ಪ್ರೇಕ್ಷಕರು ಬೇಕಿಲ್ಲ ಎಂದು ವಾದಿಸಿದರು. ಪ್ರದರ್ಶನದ ಒತ್ತಡ ಕಳಚಿದ್ದರಿಂದ, ಸೋಲಿಗೆ ಹೆದರಿ ರಂಪ ಮಾಡುವ ಮಗುವಿಗೂ ನಾಟಕದಲ್ಲಿ ಜಾಗ ಸಿಕ್ಕಿತು.

ಈ ಕ್ಷೇತ್ರಕ್ಕೆ ಗಟ್ಟಿ ನೆಲೆ ಕೊಟ್ಟವರು ಡೊರೊಥಿ ಹೀತ್‌ಕೋಟ್. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಯಾರ್ಕ್‌ಷೈರಿನ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ ಅವರು ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೆ ಶಿಕ್ಷಕಿಯಾದರು. ಬಿಬಿಸಿ ಅವರ ಬಗ್ಗೆ ತಯಾರಿಸಿದ ‘ಥ್ರೀ ಲೂಮ್ಸ್ ವೇಟಿಂಗ್’ ಚಿತ್ರದಲ್ಲಿ, ಸುಧಾರಣಾ ಶಾಲೆಯ ಹುಡುಗರು ಯುದ್ಧಕೈದಿಗಳಾಗಿ ನಟಿಸುವ ಭಾಗವಿದೆ. ಹೀತ್‌ಕೋಟ್ ಹೊರಗೆ ನಿಂತು ಆಜ್ಞೆ ಕೊಡುವವರಲ್ಲ. ತಾವೂ ಒಂದು ಪಾತ್ರವಾಗಿ ಕಥೆಯೊಳಗೆ ಇಳಿಯುತ್ತಿದ್ದರು. ಶಿಕ್ಷಕಿಗೂ ಪುಂಡ ಹುಡುಗನಿಗೂ ನಡುವೆ ದಿನವೂ ನಡೆಯುವ ಹಗ್ಗಜಗ್ಗಾಟಕ್ಕೆ ಆಗ ಆಸ್ಪದವೇ ಉಳಿಯುವುದಿಲ್ಲ. ಇಡೀ ಪದ್ಧತಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಒಳನೋಟ ಇನ್ನೊಂದಿಲ್ಲ.

ವೈಜ್ಞಾನಿಕ ಪರೀಕ್ಷೆಯ ದೃಷ್ಟಿಯಿಂದ 1973ರಲ್ಲಿ ಮನೋವಿಜ್ಞಾನಿ ಮೈಕಲ್ ಚಾಂಡ್ಲರ್ ಪ್ರಕಟಿಸಿದ ಅಧ್ಯಯನ ಮುಖ್ಯ. ಕಾನೂನು ಮುರಿದಿದ್ದ ಹನ್ನೊಂದರಿಂದ ಹದಿಮೂರು ವಯಸ್ಸಿನ ಹುಡುಗರ ಒಂದು ಗುಂಪು ಹತ್ತು ವಾರ ತಮ್ಮದೇ ವಯಸ್ಸಿನವರ ಕಥೆಗಳನ್ನು ಕಟ್ಟಿ ಆಡಿತು. ಪ್ರತಿಯೊಬ್ಬನೂ ಎಲ್ಲ ಪಾತ್ರಗಳನ್ನು ಮಾಡಿ ಮುಗಿಸುವವರೆಗೆ ಅದೇ ದೃಶ್ಯ ಮತ್ತೆ ಮತ್ತೆ ನಡೆಯುತ್ತಿತ್ತು. ಅದರ ವಿಡಿಯೊವನ್ನು ಎಲ್ಲರೂ ಕೂತು ನೋಡುತ್ತಿದ್ದರು. ಇನ್ನೊಂದು ಗುಂಪು ಚಿತ್ರ ತಯಾರಿಸಿತಾದರೂ ಅದರಲ್ಲಿ ಪಾತ್ರವಹಿಸಲಿಲ್ಲ. ಹದಿನೆಂಟು ತಿಂಗಳ ನಂತರ ನೋಡಿದಾಗ, ಪಾತ್ರ ಮಾಡಿದವರ ಅಪರಾಧಗಳು ಹೆಚ್ಚು ಇಳಿದಿದ್ದವು. ಇಲ್ಲಿ ಕೆಲಸ ಮಾಡಿದ್ದು ಬರಿಯ ಉತ್ಸಾಹವಲ್ಲ, ಪರರ ಕಣ್ಣಿನಿಂದ ನೋಡುವ ಅಭ್ಯಾಸ. ಆದರೂ ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಸಣ್ಣ ಗುಂಪುಗಳಿಗೆ ಸೀಮಿತವಾದವು. ನಾಟಕವನ್ನು ಸರ್ವರೋಗಕ್ಕೂ ಮದ್ದೆಂದು ಸಾರುವುದು ಸಲ್ಲದು.

ಮುಂದೆ ಅಮೆರಿಕದ ಆರ್ನಾಲ್ಡ್ ಗೋಲ್ಡ್‌ಸ್ಟೀನ್ ಕೋಪ ನಿಭಾಯಿಸುವ ತರಬೇತಿಯಲ್ಲಿ ಪಾತ್ರಾಭಿನಯವನ್ನು ಸೇರಿಸಿದರು. ಬ್ರೆಜಿಲಿನ ಆಗಸ್ಟೊ ಬೋಲ್ ರೂಪಿಸಿದ ಫೋರಂ ಥಿಯೇಟರ್‌ನಲ್ಲಿ ನೋಡುಗರೇ ಆಟ ನಿಲ್ಲಿಸಿ, ರಂಗಕ್ಕೆ ಬಂದು, ಬೇರೆ ದಾರಿ ತೋರಿಸಬಹುದು. ಶಾಲೆಗಳಲ್ಲಿ ಬೆದರಿಸುವಿಕೆಯ ಚರ್ಚೆಗೆ ಇದು ಹೇಳಿ ಮಾಡಿಸಿದ ರೂಪ.

ಕರ್ನಾಟಕದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಪ್ರಯೋಗ ನಡೆಸಿದರು, ಬಿ.ವಿ. ಕಾರಂತ, ಪ್ರೇಮಾ ಕಾರಂತ ಮಕ್ಕಳ ರಂಗಭೂಮಿಯನ್ನು ಬೆಳೆಸಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ಶಿಬಿರಗಳಿಗೆ ಮಾದರಿಯಾಯಿತು. ಇವು ಎಲ್ಲ ಮಕ್ಕಳಿಗೂ ತೆರೆದವು, ವರ್ತನೆಯ ತೊಂದರೆಯನ್ನೇ ಗುರಿಯಾಗಿಟ್ಟುಕೊಂಡವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೆ, ಬೆತ್ತದ ಬದಲಿಗೆ ಏನು ಎಂಬ ಪ್ರಶ್ನೆ ಶಿಕ್ಷಕರ ಮುಂದಿದೆ. ಎರಡು ವರ್ಷದ ಬಿ.ಎಡ್. ಪಠ್ಯಕ್ರಮದ ಚೌಕಟ್ಟಿನಲ್ಲಿ ನಾಟಕ ಮತ್ತು ಕಲೆಗೆ ಸ್ಥಾನ ದೊರೆತಿರುವುದರಿಂದ ಉತ್ತರಕ್ಕೆ ಒಂದು ದಾರಿಯೂ ಇದೆ. ವಾರ್ಷಿಕೋತ್ಸವದಲ್ಲಿ ತಂಟೆಕೋರ ಹುಡುಗನಿಗೆ ರಾಕ್ಷಸನ ವೇಷ ಹಾಕಿಸಿ ಕೈತೊಳೆದುಕೊಂಡರೆ ಅದು ಈ ಪದ್ಧತಿಯಲ್ಲ. ಇದಕ್ಕೆ ಸಣ್ಣ ಗುಂಪು, ವಾರಗಟ್ಟಲೆ ಸಮಯ, ಪಾತ್ರವಾಗಲು ಸಿದ್ಧರಿರುವ ಶಿಕ್ಷಕರು ಬೇಕು.